ಗುರುಗುಂಟಾದ ಅರವತ್ತು ಕಂಬಳಿ

ಹುಬ್ಬಳ್ಳಿಯಿಂದ ಲಿಂಗಸುಗೂರಿಗೆ ಬಸ್ಸು ಬೆಳಿಗ್ಗೆ ಆರೂವರೆಗೆ ಎಂದು ವಿಚಾರಣೆ ಕಿಟಕಿಯಲ್ಲಿ ಕೂತವನು ಹೇಳಿದ್ದ. ಅದು ನಿಲ್ದಾಣ ಬಿಟ್ಟಿದ್ದು ಏಳೂಕಾಲಿಗೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ಟು ಹರಿದು ಕೊಟ್ಟ. ಹೆಂಗಸರಿಗೆ ಬಸ್ಸು ಪುಕ್ಕಟೆ ಆದಾಗಿನಿಂದ ನಮ್ಮ ಮಾಲಕರಿಗೆ ನನ್ನ ತಿರುಗಾಟದ ಮೇಲೆ ಬಹಳ ಪ್ರೀತಿ ಬಂದಿದೆ. ಮೊದಲು ಫೋನಿನಲ್ಲೇ ಮುಗಿಯುತ್ತಿದ್ದ ಕೆಲಸಕ್ಕೂ ಈಗ "ಶಾಂತಾಬಾಯಿ, ನೀವ ಒಮ್ಮೆ ಹೋಗಿ ಬಂದುಬಿಡ್ರಿ" ಅನ್ನುತ್ತಾರೆ.

ನಾನು ಉಣ್ಣೆ ಬಟ್ಟೆಯ ಪೇಢಿಯೊಂದರಲ್ಲಿ ಮಾಲು ತಪಾಸು ಮಾಡುವವಳು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಕೈಯಲ್ಲೊಂದು ಟೇಪು, ಚೀಲದಲ್ಲೊಂದು ತೂಕದ ಕೊಕ್ಕೆ. ಕಂಬಳಿಯನ್ನು ಬೆಳಕಿಗೆ ಹಿಡಿದರೆ ಸಾಕು, ನೇಯ್ದವನು ಆ ದಿನ ಹೆಂಡತಿಯ ಜೊತೆ ಜಗಳ ಮಾಡಿ ಮಗ್ಗಕ್ಕೆ ಇಳಿದಿದ್ದನೋ ಇಲ್ಲವೋ ಶಾಂತಾಬಾಯಿ ಹೇಳುತ್ತಾಳೆ ಎಂದು ಪೇಢಿಯಲ್ಲಿ ತಮಾಷೆ ಮಾಡುತ್ತಾರೆ. ತಮಾಷೆಯೇನಲ್ಲ, ಹೇಳಬಲ್ಲೆ.

ಹಿಂದಿನ ತಿಂಗಳು ಗಡಿಯಲ್ಲಿ ಗುಂಡು ಹಾರಿ, ಟೀವಿಯವರು ಕೂಗಿ ಕೂಗಿ ಗಂಟಲು ಹರಿದುಕೊಂಡಿದ್ದರಲ್ಲ, ಆಗ ಉತ್ತರದ ದೊಡ್ಡ ಗಿರಣಿಗಳಿಗೆ ಒಮ್ಮೆಲೇ ಮಿಲಿಟರಿ ಆರ್ಡರು ಬಿತ್ತಂತೆ. ಅವರ ಕೈ ಸಾಲದೆ, ಒಬ್ಬ ವ್ಯಾಪಾರಿ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ ದಾಟಿಸುತ್ತ ದಾಟಿಸುತ್ತ, ಕಡೆಗೆ ಇನ್ನೂರು ಕಂಬಳಿಯ ಒಂದು ಚೂರು ನಮ್ಮ ಮಾಲಕರ ಮೇಜಿಗೆ ಬಂದು ಬಿತ್ತು. ಅದರಲ್ಲಿ ಅರವತ್ತನ್ನು ಗುರುಗುಂಟಾದ ಬೀರಪ್ಪನ ಮನೆಯವರಿಗೆ ಕೊಡಿಸಿದವಳು ನಾನು. "ಅವರ ಕೈಗೆ ನಾನು ಜವಾಬ್ದಾರಿ" ಎಂದು ಎದೆ ತಟ್ಟಿ ಹೇಳಿದ್ದೆ. ಈಗ ಮಾಲು ತಯಾರಾಗಿತ್ತು. ಗುರುವಾರ ಸಂಜೆ ನಾಲ್ಕಕ್ಕೆ ಸಿಂಧನೂರಿನಿಂದ ಲಾರಿ. ಅಷ್ಟರೊಳಗೆ ನಾನು ಅರವತ್ತನ್ನೂ ನೋಡಿ, ತುದಿ ಹೊಲಿಸಿ, ಕಾಗದಕ್ಕೆ ಸಹಿ ಹಾಕಿ ಹತ್ತಿಸಬೇಕು. ತಪ್ಪಿದರೆ ಮಾಲು ವಾಪಸು, ಬೀರಪ್ಪನ ಮನೆಗೆ ನಮ್ಮ ಪೇಢಿಯ ಬಾಗಿಲು ಅಲ್ಲಿಗೆ ಮುಚ್ಚಿದಂತೆ.

ಗೊಂದಲ ಬಸ್ಸಿನಲ್ಲೇ ಶುರುವಾಯಿತು. ಕುಷ್ಟಗಿಯಲ್ಲಿ ಹತ್ತಿ ನನ್ನ ಮುಂದಿನ ಸೀಟಿನಲ್ಲಿ ಕೂತವರು ಸಿಂಧನೂರಿನ ಅಕ್ಕಿ ವ್ಯಾಪಾರಿ. ಬಿಳಿ ಅಂಗಿ, ಹಣೆಯ ತುಂಬ ವಿಭೂತಿ. ನಾನು ಎಲ್ಲಿಗೆ, ಯಾಕೆ ಎಂದು ವಿಚಾರಿಸಿಕೊಂಡು ನಕ್ಕರು. "ಲಡಾಯಿ ನಿಂತು ಎಷ್ಟು ದಿನ ಆತಲ್ರೀ ಬಾಯಾರ. ನಡದಾಗ ಒಬ್ಬರೂ ಕೇಳಲಿಲ್ಲ, ನಿಂತ ಮ್ಯಾಲ ನಮಗೂ ಫೋನ್ ಬರಾಕತ್ತಾವ, ಅಕ್ಕಿ ಕಳಿಸ್ರಿ ಅಂತ."

"ಯಾರಿಗೆ ಕಳಿಸ್ತೀರಿ?" ಎಂದೆ.

"ಯಾರಿಗೋ. ಹೈದರಾಬಾದಿನವರು ಕೇಳ್ಯಾರ. ಅವರಿಗೆ ಯಾರು ಕೇಳ್ಯಾರೋ ಶಿವನೇ ಬಲ್ಲ."

ನಿಂತ ಯುದ್ಧಕ್ಕೆ ಅಕ್ಕಿ, ನಿಂತ ಯುದ್ಧಕ್ಕೆ ಕಂಬಳಿ. ಇದು ಹೋದ ಯುದ್ಧದ್ದೋ, ಬರುವ ಯುದ್ಧದ್ದೋ ಎಂದು ಲಿಂಗಸುಗೂರು ಬರುವವರೆಗೂ ಯೋಚಿಸಿದೆ. ಇನ್ನೂ ಒಂದೂವರೆ ತಾಸಿನ ದಾರಿ, ಯೋಚಿಸಲಿಕ್ಕೆ ಬೇಕಾದಷ್ಟು ಹೊತ್ತಿತ್ತು.

ಲಿಂಗಸುಗೂರಿನಲ್ಲಿ ಇಳಿದಾಗ ಮಧ್ಯಾಹ್ನ ಒಂದು ಗಂಟೆ. ಬಿಸಿಲೋ ಬಿಸಿಲು, ಚಪ್ಪಲಿಯ ಅಡಿಯಿಂದ ನೆಲ ಸುಡುತ್ತಿತ್ತು. ನಿಲ್ದಾಣದ ಎದುರಿನ ಖಾನಾವಳಿಯಲ್ಲಿ ಮಂಡಕ್ಕಿ ಒಗ್ಗರಣೆ, ಎರಡು ಮಿರ್ಚಿ, ಒಂದು ಚಹಾ ಮುಗಿಸಿದೆ. ಮಿರ್ಚಿಯ ಖಾರಕ್ಕೆ ಕಣ್ಣಲ್ಲಿ ನೀರು ಬಂತು, ಆದರೆ ಬಿಡಲಿಕ್ಕೆ ಮನಸ್ಸಾಗಲಿಲ್ಲ. ಗುರುಗುಂಟಾ ಅಲ್ಲಿಂದ ಅರ್ಧ ಗಂಟೆಯ ದಾರಿ, ತಿಂಥಣಿ ಕಡೆಯ ಬಸ್ಸು ಹಿಡಿದೆ. ಅದರಲ್ಲಿ ಜನಕ್ಕಿಂತ ಕೋಳಿ ಹೆಚ್ಚಿದ್ದವು.

ಬೀರಪ್ಪ ಬಸ್ಸಿನ ಹತ್ತಿರವೇ ಕಾಯುತ್ತಿದ್ದ. ಐವತ್ತರ ಆಳು, ಮಗ್ಗದ ಕುಣಿಯಲ್ಲಿ ಕೂತು ಕೂತು ಬೆನ್ನು ಸ್ವಲ್ಪ ಬಾಗಿದೆ. ಮನೆಯ ಪಡಸಾಲೆಯಲ್ಲಿ ಕಂಬಳಿಗಳನ್ನು ಮಡಿಚಿ ಗೋಡೆಗೆ ಒಟ್ಟಿದ್ದರು. ಹುಣಸೆ ಬೀಜದ ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ನೂಲಿಗೆ ಆ ಅಂಟು ಬಳಿದು ನೇಯ್ದರೆ ಕಂಬಳಿಯ ಒಳಗೆ ಮಳೆಹನಿ ಇಳಿಯುವುದಿಲ್ಲ. ನನಗೆ ಆ ವಾಸನೆ ಬಹಳ ಹಿಡಿಸುತ್ತದೆ. ಖುಷಿಯಿಂದಲೇ ಮೇಲಿನದೊಂದನ್ನು ಎಳೆದು ಬಿಡಿಸಿದೆ.

ಕರಿ ಕಂಬಳಿ. ಬಿಗಿಯಾದ ನೇಯ್ಗೆ, ಒಂದು ಗಂಟಿಲ್ಲ. ಆದರೆ ಎರಡೂ ತುದಿಗೆ ಎರಡು ಬೆರಳಗಲ ಬಿಳಿ ಉಣ್ಣೆಯ ಪಟ್ಟಿ, ಅದರ ನಡುವೆ ಒಂದು ಕೆಂಪೆಳೆ. ಅವರು ಅದಕ್ಕೆ ದಡಿ ಅನ್ನುತ್ತಾರೆ.

ಇನ್ನೊಂದು ಎಳೆದೆ. ಅದಕ್ಕೂ ದಡಿ. ಹತ್ತು ಎಳೆದೆ, ಹತ್ತಕ್ಕೂ.

"ಬೀರಪ್ಪ, ಇದೇನು?"

"ದಡಿ ರೀ."

"ದಡಿ ಅನ್ನೋದು ನನಗೂ ಕಾಣತೈತಿ. ದಡಿ ಬ್ಯಾಡ ಅಂತ ಎರಡು ಸಲ ಫೋನಿನ್ಯಾಗ ಹೇಳಿದ್ನೋ ಇಲ್ಲೋ? ಚೀಟಿನೂ ಕಳಿಸಿದ್ನೋ ಇಲ್ಲೋ?"

"ಹೇಳಿದ್ರಿ ರೀ." ಬೀರಪ್ಪ ತಲೆ ಕೆರೆದುಕೊಂಡ. "ಬರಿಯೋರು ಯಾರೋ ತಪ್ಪಿ ಬರದಾರ ಅಂತ ತಿಳಕೊಂಡ್ವಿ. ಸಿಪಾಯಿಗಳಿಗೆ ಅಂತ ನೀವ ಅಂದಿದ್ರಿ. ಬದುಕಿದ್ದವರಿಗೆ ಬೋಳ ಕಂಬಳಿ ಯಾರು ಕೇಳ್ತಾರ್ರಿ?"

ಅವನ ಮುಖ ನೋಡಿದರೆ ಕಪಟವಿರಲಿಲ್ಲ. ಕೂತು ಕೇಳಿದೆ. ಅವರ ಮನೆತನದ ಪದ್ಧತಿ ಹೀಗಂತೆ: ಮದುವೆಗೆ, ಕುರಿ ಕಾಯುವವನಿಗೆ, ಬಾಣಂತಿಗೆ, ಯಾರಿಗೇ ನೇಯಲಿ, ದಡಿ ಇರಲೇಬೇಕು. ದಡಿ ಇಲ್ಲದ ಬೋಳ ಕಂಬಳಿಯನ್ನು ಒಂದೇ ಕೆಲಸಕ್ಕೆ ನೇಯುವುದು, ಹೆಣದ ಮೇಲೆ ಹೊದಿಸಲಿಕ್ಕೆ. ಅದನ್ನೂ ಸತ್ತ ಸುದ್ದಿ ಬಂದ ಮೇಲೆಯೇ ಮಗ್ಗಕ್ಕೆ ಏರಿಸುತ್ತಾರೆ. ಮೊದಲೇ ನೇಯ್ದು ಇಟ್ಟುಕೊಂಡರೆ ಸಾವನ್ನು ಮನೆಗೆ ಕರೆದಂತೆ. ಹಾಗಾಗಿ ಅರವತ್ತು ಬೋಳ ಕಂಬಳಿ ಎಂಬ ಮಾತು ಅವರ ಕಿವಿಗೆ ಬಿದ್ದರೂ ತಲೆಗೆ ಇಳಿದಿರಲಿಲ್ಲ. ಪಟ್ಟಣದವರು ಅವಸರದಲ್ಲಿ ಮಾಡಿದ ತಪ್ಪನ್ನು ತಾವೇ ತಿದ್ದಿ, ಉಪಕಾರ ಮಾಡಿದೆವು ಎಂದುಕೊಂಡಿದ್ದರು.

"ಅವನ್ನ ಬೈಬ್ಯಾಡವಾ. ದಡಿ ಹಾಕಂತ ಹೇಳಿದಾಕಿ ನಾನು."

ಬಾಗಿಲ ಬಳಿ ಕದಿರು ತಿರುಗಿಸುತ್ತ ಕೂತಿದ್ದ ಬೀರಪ್ಪನ ತಾಯಿ ಬಸಮ್ಮ. ಎಪ್ಪತ್ತೈದು ದಾಟಿದೆ; ಕೈ ಮಾತ್ರ ಒಂದು ಗಳಿಗೆ ನಿಲ್ಲುವುದಿಲ್ಲ. ಈ ಅರವತ್ತಕ್ಕೆ ಬೇಕಾದ ನೂಲಿನಲ್ಲಿ ಅರ್ಧದಷ್ಟು ಆಕೆಯೇ ನೂತದ್ದು.

"ನನ್ನ ಮೊಮ್ಮಗ ಮಾಳ್ಯಾ ಮಿಲಿಟ್ರ್ಯಾಗ ಅದಾನ," ಎಂದಳು. "ಇವನ ಮಗ. ಗಡಿಗೆ ಹೋಗ್ಯಾನ. ಹನ್ನೊಂದು ದಿನ ಆತು, ಫೋನ್ ಹತ್ತವಲ್ದು. ಈ ಕಂಬಳಿ ಯಾರಿಗೆ ಹೋಗ್ತಾವಂತ ನಿನಗ ಗೊತ್ತೈತೇನು?"

"ಇಲ್ಲ ಆಯಿ."

"ನನಗೂ ಗೊತ್ತಿಲ್ಲ. ಅರವತ್ತರಾಗ ಒಂದು ಅವನ ಮೈಮ್ಯಾಲ ಬಿದ್ರ? ನನ್ನ ಕೈಯಾರ ನೂತು, ನನ್ನ ಮೊಮ್ಮಗನಿಗೆ ಹೆಣದ ಕಂಬಳಿ ಕಳಿಸಲೇನವಾ?"

ನನಗೆ ಸಿಟ್ಟೂ ಬಂತು, ಕನಿಕರವೂ ಬಂತು. ಯಾವುದು ಮೊದಲು ಬಂತೋ ಗೊತ್ತಿಲ್ಲ. ಸಿಟ್ಟಿಗೆ ದಾರಿ ಸುಲಭ, ಆದ್ದರಿಂದ ಸಿಟ್ಟು ಮಾಡಿದೆ. ಒಂದು ದಡಿ ಕಂಡರೂ ಅರವತ್ತೂ ವಾಪಸು ಬರುತ್ತವೆ, ನನ್ನ ಮಾತೂ ಮಣ್ಣಾಗುತ್ತದೆ, ನಿಮ್ಮ ಉಣ್ಣೆಯೂ ಮಣ್ಣಾಗುತ್ತದೆ ಎಂದು ಕೂಗಾಡಿದೆ. ಕಂಬಳಿಯಲ್ಲಿ ಕೂಳು ಕಟ್ಟಿಕೊಂಡು ಕೂದಲು ಬಂತು ಎಂದು ಅತ್ತವರ ಕತೆ ನನ್ನದು. ಇಷ್ಟು ಶ್ರದ್ಧೆಯಿಂದ ನೇಯುವವರು ಎಂದೇ ಅವರಿಗೆ ಕೆಲಸ ಕೊಡಿಸಿದ್ದೆ, ಈಗ ಅದೇ ಶ್ರದ್ಧೆ ಅಡ್ಡ ಬಂತು ಎಂದು ಬಾಯಿ ಬಡಿದುಕೊಳ್ಳುತ್ತಿದ್ದೆ.

ಮಾಲಕರಿಗೆ ಫೋನ್ ಮಾಡಿದೆ. ಅವರು ಒಂದೇ ಮಾತಿನಲ್ಲಿ ಮುಗಿಸಿದರು: "ಸಿಂಧನೂರಿನ್ಯಾಗ ಹೆಂಗೂ ತುದಿ ಹೊಲಸಾಕ ಕೊಡ್ತೀರಲ್ಲ, ಅಲ್ಲೇ ದಡಿ ಕತ್ತರಿಸಿ ಒಗೀರಿ. ಇದಕ್ಕೇನು ಪಂಚಾಯ್ತಿ?"

ಬಸಮ್ಮನಿಗೆ ಹೇಳಿದೆ. ಆಕೆಯ ಕೈಯ ಕದಿರು ಆಗ ನಿಂತಿತು. "ಇಟ್ಟ ದಡಿ ಕತ್ತರಿಸೋದು ಅಂದ್ರ, ಮುತ್ತೈದಿನ್ನ ಬೋಳು ಮಾಡಿದಂಗವಾ. ಮೊದಲ ಬೋಳ ನೇಯೋದಕ್ಕಿಂತ ಕೆಟ್ಟದ್ದು. ಇರಲಿ, ನಾಳೆ ನಾನೂ ಬರ್ತೀನಿ. ಅದು ಯಾವ ಕತ್ತರಿ ಅಂತ ನೋಡ್ತೀನಿ."

ಬೀರಪ್ಪನ ಹೆಂಡತಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿದಳು. ಅಷ್ಟು ಕೂಗಾಡಿದವಳಿಗೂ ಮೊದಲ ರೊಟ್ಟಿ ನನಗೇ. ನಾಚಿಕೆ ಆಯಿತು, ಹಸಿವೂ ಆಗಿತ್ತು, ಮೂರು ರೊಟ್ಟಿ ತಿಂದೆ. ರಾತ್ರಿ ಹೊದೆಯಲಿಕ್ಕೆ ಒಂದು ಹಳೇ ಕಂಬಳಿ ಕೊಟ್ಟರು. ಸೆಕೆಗೆ ಹೊದೆಯಲಿಲ್ಲ, ಆದರೆ ದಡಿ ಇದೆಯೋ ಇಲ್ಲವೋ ಎಂದು ಮಾತ್ರ ಮುಟ್ಟಿ ನೋಡಿದೆ. ಇತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಹುಸೇನನ ಮಿನಿ ಲಾರಿ ಬಂತು. ಹುಸೇನ ಮಸ್ಕಿಯವನು, ಕುರಿ, ಜೋಳ, ಮದುವೆ ಸಾಮಾನು, ಏನಿದ್ದರೂ ಹೇರುವವನು. ಅರವತ್ತು ಕಂಬಳಿ ಹಿಂದೆ, ನಾನೂ ಬಸಮ್ಮನೂ ಮುಂದೆ. ಮುದುಕಿ ಮುಖ ಆಚೆ ತಿರುಗಿಸಿ ಕೂತಿದ್ದಳು. ಮಡಿಲಲ್ಲಿ ಒಂದು ಬಟ್ಟೆಯ ಸಂಚಿ, ಸಂಚಿಯಲ್ಲಿ ಗುಂಡಿಯ ಫೋನು. ಐದು ನಿಮಿಷಕ್ಕೊಮ್ಮೆ ಅದನ್ನು ತೆಗೆದು ನೋಡಿ ಒಳಗಿಡುತ್ತಿದ್ದಳು.

ಮಸ್ಕಿಯ ಹತ್ತಿರ ಟಾಯರು ಪಂಕ್ಚರಾಯಿತು. ಹುಸೇನ ಗಾಡಿಯ ಅಡಿಗೆ ಹೋದ, ನಾವು ರಸ್ತೆ ಬದಿಯ ಚಹಾದಂಗಡಿಯ ಬೆಂಚಿನಲ್ಲಿ ಕೂತೆವು. ಎದುರಿಗೆ ಬಂಡೆಗಲ್ಲಿನ ಗುಡ್ಡ. ಏನಾದರೂ ಮಾತಾಡಬೇಕಲ್ಲ ಎಂದು, "ಆಯಿ, ಅಲ್ಲಿ ಕಲ್ಲಿನ ಮ್ಯಾಲ ಒಬ್ಬ ರಾಜ ಬರೆಸ್ಯಾನಂತ, ಯುದ್ಧ ಸಾಕು, ಇನ್ನ ಮಾಡೂದಿಲ್ಲ ಅಂತ" ಎಂದೆ. ಸಾಲೆಯಲ್ಲಿ ಓದಿದ ನೆನಪು.

ಗಾಡಿಯ ಅಡಿಯಿಂದ ಹುಸೇನನ ದನಿ ಬಂತು: "ಆ ರಾಜ ಹೌದ್ರಿ ಬಾಯಾರ. ಆದ್ರ ಯುದ್ಧದ ಮಾತು ಈ ಕಲ್ಲಿನ ಮ್ಯಾಲ ಇಲ್ಲ. ಅದು ಬ್ಯಾರೆ ಕಡೆ ಐತಂತ. ಬಂದೋರೆಲ್ಲ ಇದನ್ನ ಕೇಳ್ತಾರ."

"ಮತ್ತ ಇದರಾಗ ಏನೈತಿ?"

"ಸಣ್ಣವರೂ ದೊಡ್ಡವರೂ ಛಲೋತ್ನ್ಯಾಗ ಇರ್ರಿ ಅಂತ ಏನೋ ಐತ್ರಿ."

ಬಸಮ್ಮ ಗುಡ್ಡದ ಕಡೆ ನೋಡಿ, ಆ ದಿನದ ಮೊದಲ ಮಾತು ಆಡಿದಳು. "ಯುದ್ಧ ಸಾಕು ಅಂದ ಮ್ಯಾಲ ಅವನ ಸಿಪಾಯಿಗಳೆಲ್ಲ ಮನಿಗೆ ಬಂದ್ರೇನವಾ?" ಚಹಾ ಆರಿಹೋಗುತ್ತದೆ ಕುಡಿ ಎಂದೆ.

ಸಿಂಧನೂರು ಮುಟ್ಟಿದಾಗ ಹನ್ನೊಂದೂವರೆ. ಎರಡನೇ ಬೆಳೆಯ ಭತ್ತ ರಸ್ತೆಯ ಅರ್ಧಕ್ಕೆ ಹರವಿ ಬಿದ್ದಿತ್ತು. ಅಕ್ಕಿ ಗಿರಣಿಗಳ ಹೊಗೆ, ಹೊಟ್ಟಿನ ಬೂದಿ, ಲಾರಿಗಳ ಸಾಲು. ನಾವು ಹೋಗಬೇಕಾಗಿದ್ದು ಖಾಜಾಸಾಬರ ಅಂಗಡಿಗೆ. ಅವರು ತಾಡಪತ್ರಿ ಹೊಲಿಯುವವರು. ಕಂಬಳಿಯಂಥ ದಪ್ಪ ಮಾಲಿಗೆ ಅವರ ಮಷಿನ್ನೇ ಬೇಕು. ಅಂಗಡಿಯ ತುಂಬ ರೈತರ ನೀಲಿ ತಾಡಪತ್ರಿ, ಒಂದು ಮೂಲೆಯಲ್ಲಿ ಮಾತ್ರ ಕಡು ಹಸಿರಿನ ದೊಡ್ಡ ದೊಡ್ಡ ಹೊದಿಕೆಗಳು.

"ಇವು ಎಲ್ಲಿಗೆ ಖಾಜಾಸಾಬ್?"

"ಖುದಾನಿಗೇ ಗೊತ್ತು. ಲಾರಿ ಮ್ಯಾಲ ಹೊದಿಸೋವಂತ, ಮಿಲಿಟ್ರಿದಂತ. ಸೇಠು ಹೇಳ್ಯಾನ, ಹೊಲ್ಯಾಕತ್ತೀನಿ."

ಅಕ್ಕಿಯವರಿಗೂ ಗೊತ್ತಿಲ್ಲ, ತಾಡಪತ್ರಿಯವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಈ ಮೂರು ಊರಿನ ನಡುವೆ ಎಲ್ಲರೂ ಯುದ್ಧಕ್ಕೆ ಏನೋ ಒಂದು ಕಳಿಸುತ್ತಿದ್ದೆವು, ಒಬ್ಬರೂ ಯುದ್ಧ ಕಂಡಿರಲಿಲ್ಲ. ಈ ಇಡೀ ಪ್ರಯಾಣದಲ್ಲಿ ಯುದ್ಧದ ಹತ್ತಿರ ಇದ್ದವನು ಎಂದರೆ ಬಸಮ್ಮನ ಮೊಮ್ಮಗ ಮಾಳಪ್ಪ ಒಬ್ಬನೇ, ಅವನ ಫೋನು ಹತ್ತುತ್ತಿರಲಿಲ್ಲ.

ಖಾಜಾಸಾಬರಿಗೆ ವಿಷಯ ಹೇಳಿದೆ. ಅವರು ಮೊದಲ ಕಂಬಳಿಯನ್ನು ಹಲಗೆಯ ಮೇಲೆ ಹಾಸಿ, ಮೊಳದುದ್ದದ ಕತ್ತರಿ ತೆಗೆದರು. ಬಸಮ್ಮ ಬಂದು ದಡಿಯ ಮೇಲೆ ಅಂಗೈ ಊರಿ ನಿಂತಳು.

"ಅಮ್ಮಾ, ಕೈ ತೆಗೀರಿ. ಕೊಯ್ದೀತು," ಎಂದರು ಖಾಜಾಸಾಬ್.

"ಕೊಯ್ಲಿ ಬಿಡಪ್ಪಾ."

ಅವರು ನನ್ನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಮಷಿನ್ನಿನ ಹಿಂದೆ ಕೂತಿದ್ದ ಹೆಂಗಸು ಆಗ ಬಾಯಿ ಹಾಕಿದಳು. ಆಕೆಯ ಹೆಸರು ಮಾಲತಿ, ಬಂಗಾಲಿ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಒಂದು ಮನೆಯ ಸೊಸೆ, ಖಾಜಾಸಾಬರ ಬಳಿ ಹೊಲಿಗೆಗೆ ಬರುವವಳು.

"ಅಮ್ಮಾ, ನಮ್ಮತ್ತಿ ಊರು ಬಿಟ್ಟು ಇಲ್ಲಿಗೆ ಬಂದಾಗ, ಕ್ಯಾಂಪಿನಾಗ ಮನಿಗೊಂದು ಕಂಬಳಿ ಕೊಟ್ಟಿದ್ರಂತ. ಮಿಲಿಟ್ರಿ ಕಂಬಳಿ. ಬೋಳನ ಇತ್ತು. ನಮ್ಮ ಮನಿಯವರು ಹುಟ್ಟಿದಾಗ ಅದರಾಗ ಸುತ್ತಿದ್ರು. ಯಾರಿಗೂ ಏನೂ ಆಗಲಿಲ್ಲ."

ಬಸಮ್ಮ ತಿರುಗಿ ನೋಡಿದಳು. "ನಿಮ್ಮತ್ತಿ ಈಗ ಅದಾಳೇನವಾ?"

"ಅದಾರ. ನನಗ ದಿನಾ ಬೈತಾರ."

ಖಾಜಾಸಾಬ್ ನಕ್ಕರು. ಬಸಮ್ಮ ನಗಲಿಲ್ಲ. ಆಕೆಯ ಮುಖದಲ್ಲಿ ನಾನು ಅದುವರೆಗೆ ಕಾಣದ ಗಲಿಬಿಲಿ ಕಂಡಿತು. ಬೋಳ ಕಂಬಳಿಯಲ್ಲಿ ಕೂಸು ಸುತ್ತಿದ್ದರು, ಆ ಕೂಸು ಬೆಳೆದು ಮದುವೆಯಾಗಿ ಈ ಹೆಂಗಸಿನ ಗಂಡನಾಗಿದ್ದಾನೆ. ಆದರೂ ಬಸಮ್ಮ "ನಿಮ್ಮ ಮನ್ಯಾಗ ಹಂಗ ಇರಬಹುದು. ನಮ್ಮ ಮನ್ಯಾಗ ಹಿಂಗ" ಎಂದಳು. ಕೈ ಮಾತ್ರ ತೆಗೆಯಲಿಲ್ಲ.

ಕತ್ತರಿಸಲೇಬೇಕು ಎಂದು ಆಕೆಗೆ ತೋರಿಸಲಿಕ್ಕಾಗಿ ನಾನು ಟೇಪು ಬಿಚ್ಚಿದೆ. ನೋಡು ಆಯಿ, ಇಷ್ಟೇ ಉದ್ದ ಇರಬೇಕು, ಇಲ್ಲಿಗೆ ಕತ್ತರಿ ಬೀಳಬೇಕು ಎಂದು ಹಿಡಿದವಳು ಹಾಗೇ ನಿಂತೆ. ಕಂಬಳಿ ಒಂದೊಂದು ತುದಿಗೆ ನಾಲ್ಕು ಬೆರಳು ಹೆಚ್ಚಿತ್ತು. ಇನ್ನೊಂದು ಅಳೆದೆ, ಅದೂ ಹಾಗೇ. ಇಪ್ಪತ್ತೆರಡು ವರ್ಷ ಟೇಪು ಹಿಡಿದವಳು ನಾನು. ನಿನ್ನೆ ದಡಿ ಕಂಡ ಸಿಟ್ಟಿನಲ್ಲಿ ಟೇಪನ್ನು ಚೀಲದಿಂದ ಹೊರಗೇ ತೆಗೆದಿರಲಿಲ್ಲ.

"ಹೆಚ್ಚು ಯಾಕ ಐತಿ?"

"ನೀ ಹೇಳಿದ ಉದ್ದ ನಿಂದು," ಎಂದಳು ಬಸಮ್ಮ. "ಹೊಲಿಗ್ಗೆ ಎರಡು ಬೆರಳು ಅಂದಿದ್ದಿ, ಅದೂ ನಿಂದು. ದಡಿ ಎರಡು ಬೆರಳು, ಅದು ನಮ್ಮ ಕಡಿಂದ, ನಮ್ಮ ಉಣ್ಣಿ. ನಿನ್ನ ಮಾಲಿನ್ಯಾಗಿಂದ ಒಂದು ಎಳಿ ಮುಟ್ಟಿಲ್ಲ."

ಖಾಜಾಸಾಬರು ಕತ್ತರಿಯನ್ನು ಹಲಗೆಯ ಮೇಲೆ ಇಟ್ಟು, ತುದಿಯನ್ನು ಎತ್ತಿ, ದಡಿಯನ್ನು ಒಳಕ್ಕೆ ಮಡಚಿ, ಅದರ ಮೇಲೆ ಇನ್ನೊಂದು ಮಡಿಕೆ ಮಡಚಿದರು. ಬಿಳಿಯೂ ಇಲ್ಲ, ಕೆಂಪೂ ಇಲ್ಲ. ಎರಡೂ ಕಡೆಯಿಂದ ಕರಿ ಕಂಬಳಿ. ಟೇಪು ಹಿಡಿದೆ, ಕಾಗದದಲ್ಲಿ ಬರೆದಷ್ಟೇ ಉದ್ದ.

"ಕತ್ತರಿ ನಕೋ ಬಾಯಾರ," ಎಂದರು ಅವರು. "ತುದಿ ಸ್ವಲ್ಪ ದಪ್ಪ ಆಗ್ತೈತಿ, ಅಷ್ಟ. ನನ್ನ ಮಷಿನ್ ಹೊಲಿತೈತಿ. ಆದ್ರ ಸಹಿ ನಿಮ್ದು."

ಅದೇ ನನ್ನ ಕುತ್ತಿಗೆಗೆ ಬಂದ ಮಾತು. ಕಾಗದದಲ್ಲಿ 'ಅಂಚಿಲ್ಲ' ಎಂಬುದರ ಎದುರು ಒಂದು ಸಣ್ಣ ಚೌಕ ಇದೆ, ಅದರಲ್ಲಿ ನಾನು ಸರಿ ಗುರುತು ಹಾಕಬೇಕು. ಮೇಲೆ ಯಾರಾದರೂ ಅನುಮಾನ ಬಂದು ಹೊಲಿಗೆ ಬಿಚ್ಚಿದರೆ ಅರವತ್ತಲ್ಲ, ಇನ್ನೂರೂ ವಾಪಸು. ಅಂಗಡಿಯ ಹೊರಗೆ ಬೇವಿನ ಗಿಡದ ನೆರಳಿನಲ್ಲಿ ನಿಂತು ಮಾಲಕರಿಗೆ ಮತ್ತೆ ಫೋನ್ ಮಾಡಿದೆ. ದಡಿಯ ವಿಷಯ ಎತ್ತಲಿಲ್ಲ. ಒಂದೇ ಒಂದು ಕೇಳಿದೆ: ಈ ಕಂಬಳಿಗಳು ಯಾತಕ್ಕೆ?

"ಯಾತಕ್ಕ ಅಂದ್ರ?"

"ಹೊದಿಯಾಕೋ, ಮತ್ತ್ಯಾತಕ್ಕೋ? ಒಮ್ಮೆ ಮ್ಯಾಲಿನವರನ್ನ ಕೇಳ್ರಿ."

ಹತ್ತು ನಿಮಿಷದ ನಂತರ ಅವರೇ ಮಾಡಿದರು. "ಕೇಳಿದೆ. ಅವರಿಗೂ ಗೊತ್ತಿಲ್ಲ. ಹೊದಿಯಾಕ ಇರಬಹುದು, ದವಾಖಾನಿಗೆ ಇರಬಹುದು, ಇನ್ನೊಂದಕ್ಕೂ ಇರಬಹುದು ಅಂದ್ರು. ನಿಮಗ್ಯಾಕ ಬೇಕ್ರೀ ಅದು? ನಾಲ್ಕಕ್ಕ ಲಾರಿ."

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಆದರೆ ಆ 'ಇನ್ನೊಂದು' ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಬೀರಪ್ಪನ ಮನೆಯವರು ದಡ್ಡರು ಎಂದು ನಾನು ತಿಳಿದಿದ್ದೆ. ಚೀಟಿ ಬರೆದವನಿಗಿಂತ ಅವರೇ ಅದನ್ನು ಸರಿಯಾಗಿ ಓದಿದ್ದರೆ? ಅಥವಾ ಮಾಲತಿ ಹೇಳಿದ್ದೇ ಸರಿ, ಕಂಬಳಿ ಎಂದರೆ ಬರೀ ಕಂಬಳಿಯೇ ಇದ್ದರೆ? ತಲೆ ಕೆಟ್ಟು ಮೊಸರಾಯಿತು. ಹೊದೆಯುವವನಿಗಾದರೆ ದಡಿ ಇರಲಿ. ಇನ್ನೊಂದಕ್ಕಾದರೂ, ಆ ಹುಡುಗನಿಗೂ ಒಂದು ದಡಿ ಇರಲಿ ಎಂದು ಯಾಕೋ ಅನ್ನಿಸಿತು. ಯಾವ ಹುಡುಗನೋ ಏನೋ, ನನಗೆ ಮಕ್ಕಳೂ ಇಲ್ಲ.

ಒಳಗೆ ಬಂದು "ಮಡಚ್ರಿ" ಎಂದೆ.

ಖಾಜಾಸಾಬ್ ಒಂದು ಮಷಿನ್, ಮಾಲತಿ ಒಂದು ಮಷಿನ್. ನಾನು ತೂಕ ನೋಡಿ ಕೊಟ್ಟೆ, ಹುಸೇನ ಹಾಸಿ ಕೊಟ್ಟ. ಮಡಿಕೆ ಮಾತ್ರ ಬಸಮ್ಮನದೇ. ಪ್ರತಿಯೊಂದು ದಡಿಯನ್ನೂ ತಾನೇ ಒಳಗೆ ತಿರುಗಿಸಿ, ಒಮ್ಮೆ ಸವರಿ, ಮಷಿನ್ನಿಗೆ ಕೊಡುತ್ತಿದ್ದಳು. ಊಟಕ್ಕೆ ಯಾರೂ ಏಳಲಿಲ್ಲ. ಮಾಲತಿ ತನ್ನ ಡಬ್ಬಿಯ ಅನ್ನ, ಮೀನಿನ ಸಾರನ್ನು ಎಲ್ಲರ ಮುಂದೆ ಇಟ್ಟಳು. ಬಸಮ್ಮ ಬರೀ ಅನ್ನ ತಿಂದಳು, ನಾನು ಆಚೆ ಈಚೆ ನೋಡಿ ಮೀನೂ ತಿಂದೆ.

ಮೂರೂ ಮುಕ್ಕಾಲಿಗೆ ಕಡೆಯ ಕಂಬಳಿ ಕಟ್ಟಿಗೆ ಸೇರಿತು. ಕಾಗದ ತೆಗೆದು 'ಅಂಚಿಲ್ಲ' ಎಂಬುದರ ಎದುರು ಗುರುತು ಹಾಕಿದೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಹಾಕಿದ ಮೊದಲ ಸುಳ್ಳು ಗುರುತು ಅದು. ಸುಳ್ಳು ಹೌದೋ ಅಲ್ಲವೋ ಎಂಬುದೂ ಈ ಹೊತ್ತಿಗೂ ನನಗೆ ಖಚಿತವಿಲ್ಲ. ಹೊರಗಿನಿಂದ ನೋಡಿದರೆ ಅಂಚಿಲ್ಲ, ಅದು ನಿಜ. ಲಾರಿಯವನು ಕಟ್ಟುಗಳನ್ನು ಅಕ್ಕಿ ಚೀಲಗಳ ಮೇಲೆ ಎಸೆದು, ಮೇಲೊಂದು ತಾಡಪತ್ರಿ ಎಳೆದು, ಹಗ್ಗ ಬಿಗಿದು ಹೊರಟುಹೋದ.

ನನ್ನ ಬಸ್ಸು ಗಂಗಾವತಿ ಮೇಲೆ ಹೋಗುವ ಹುಬ್ಬಳ್ಳಿ ಬಸ್ಸು, ಐದಕ್ಕೆ. ಬಸಮ್ಮ ಹುಸೇನನ ಗಾಡಿಯಲ್ಲೇ ವಾಪಸು ಹೋಗುವವಳು, ಆದರೂ ನನ್ನನ್ನು ಹತ್ತಿಸಲು ನಿಲ್ದಾಣಕ್ಕೆ ಬಂದಳು. ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಆಕೆ ಕೆಳಗೆ ನಿಂತಿದ್ದಳು. ನಿನ್ನೆ ಕೂಗಾಡಿದ್ದಕ್ಕೆ ಏನಾದರೂ ಹೇಳಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸಂಚಿಯಲ್ಲಿ ಫೋನು ಬಡಿದುಕೊಂಡಿತು.

ಬೀರಪ್ಪ. ಅವನ ದನಿ ಎಷ್ಟು ಜೋರಿತ್ತೆಂದರೆ ನನಗೂ ಕೇಳಿಸಿತು. "ಯವ್ವಾ, ಮಾಳ್ಯಾ ಫೋನ್ ಮಾಡಿದ್ದ! ಆರಾಮ ಅದಾನಂತ. ಏನೂ ಆಗಿಲ್ಲಂತ."

ಬಸಮ್ಮ ಬಸ್ಸಿನ ತಗಡಿಗೆ ಅಂಗೈ ಊರಿದಳು. ನಾನು ಕಿಟಕಿಯಿಂದ ಕೈ ಚಾಚಿದೆ, ಆಕೆಗೆ ಎಟುಕಲಿಲ್ಲ. ಆಕೆ ಕಣ್ಣೊರೆಸಿಕೊಂಡು ಎರಡು ಸಲ "ಹೌದೇನು, ಹೌದೇನು" ಎಂದಳು. ಆಮೇಲೆ ಬೀರಪ್ಪ ಇನ್ನೂ ಏನೋ ಹೇಳಿದ. ಅಲ್ಲಿ ಎಲ್ಲರಿಗೂ ಹೊಸ ಕಂಬಳಿ ಕೊಟ್ಟಿದ್ದಾರಂತೆ, ಮನೆಯಿಂದ ಕಳಿಸುವುದು ಬೇಡ ಎಂದು ಮಾಳ್ಯಾ ಅಂದನಂತೆ.

"ದಡಿ ಐತೇನಂತ ಕೇಳಿದ್ಯೇನು?" ಎಂದಳು ಬಸಮ್ಮ.

"ಕೇಳಿದೆ. ಇಲ್ಲಂತ. ಬೋಳನ ಐತಂತ."

ಡ್ರೈವರ್ ಹತ್ತಿ ಕೂತು ಗಾಡಿ ಚಾಲೂ ಮಾಡಿದ. ಫೋನು ಬಸಮ್ಮನ ಕಿವಿಗಿತ್ತು, ಕಣ್ಣು ನನ್ನ ಮೇಲಿತ್ತು. ನನ್ನಿಂದ ಯಾವುದೋ ಉತ್ತರ ಬೇಕಾಗಿತ್ತು. ಆಗ ಆಕೆಯೇ ಫೋನಿಗೆ ಹೇಳಿದಳು:

"ತುದಿ ಕೈಯಾಗ ಹಿಡದು ನೋಡಂತ ಹೇಳು. ದಪ್ಪ ಐತೇನು ನೋಡಂತ ಹೇಳು."

ಬಸ್ಸು ಹಿಂದಕ್ಕೆ ಸರಿದು ಗೇಟಿನ ಕಡೆ ತಿರುಗಿತು. ಕುತ್ತಿಗೆ ಹೊರಗೆ ಹಾಕಿ ನೋಡಿದೆ. ಬಸಮ್ಮ ಒಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು, ಇನ್ನೊಂದು ಕೈಯಲ್ಲಿ ತನ್ನ ಸೆರಗಿನ ತುದಿಯನ್ನು ಎರಡು ಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜುತ್ತಿದ್ದಳು, ಹೇಗೆ ನೋಡಬೇಕೆಂದು ಅಲ್ಲಿರುವವನಿಗೆ ತೋರಿಸುತ್ತ.